ಟಿಫಿನ್ ಮುಚ್ಚಳದ ವೀಳ್ಯ

ಸೀರೆ ಒಡವೆಯ ಹುಚ್ಚು ನನಗೆ ಅಷ್ಟಿರಲಿಲ್ಲ, ಸೊಸೈಟಿಯ ಹುಚ್ಚಿತ್ತು. ಯಾವುದಾದರೂ ಸಹಕಾರ ಸಂಘದಲ್ಲಿ ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತಾರೆ ಎಂದು ಕಿವಿಗೆ ಬಿದ್ದರೆ ಸಾಕು, ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುತ್ತಿದ್ದೆ. ಗಂಡನ ಮನೆಯ ತೋಟದ ಲೆಕ್ಕದಲ್ಲಿ ಅಡಿಕೆ ಮಾರುವ ದೊಡ್ಡ ಸಂಘಕ್ಕೆ ಸದಸ್ಯೆ, ಕೊಪ್ಪದ ಪತ್ತಿನ ಸಂಘಕ್ಕೆ ಸದಸ್ಯೆ. ಹರಿಹರಪುರದಿಂದ ಒಳಗಿರುವ ನನ್ನ ತವರೂರಿನ ಸೊಸೈಟಿಗಂತೂ, ಅಪ್ಪಯ್ಯ ನನ್ನ ಹೆಸರಿಗೆ ಬಿಟ್ಟಿದ್ದ ತುಂಡು ಗದ್ದೆಯ ನೆಪದಲ್ಲಿ, ಮದುವೆಗೆ ಮುಂಚಿನಿಂದಲೂ ಸದಸ್ಯೆ. “ನಿನ್ನ ಹೆಣ ಹೊರೋದಕ್ಕೂ ಒಂದು ಸಂಘ ಮಾಡಬೇಕು ಮಾರಾಯ್ತಿ” ಎಂದು ನನ್ನವರು ತಮಾಷೆ ಮಾಡುತ್ತಿದ್ದರು. ನಾಲ್ಕು ಜನ ಸೇರದೆ ಅದಾದರೂ ಎಲ್ಲಿ ಆಗುತ್ತದೆ ಎಂದು ನಾನೂ ಬಿಡುತ್ತಿರಲಿಲ್ಲ.

ಈ ಹುಚ್ಚು ಅಪ್ಪಯ್ಯನಿಂದ ಬಂದದ್ದು. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಅವರು, ಊರವರ ಬಾಯಲ್ಲಿ ‘ಗೌಡ್ರು’, ಊರಿನ ಸೊಸೈಟಿಯ ಅಧ್ಯಕ್ಷರು. ಗೊಬ್ಬರದ ಲಾರಿ ಬರುತ್ತದೆ ಎಂದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ಯಾರ ಮನೆಯಲ್ಲಿ ಸೀಮೆಎಣ್ಣೆ ಮುಗಿದಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಈ ತಿಂಗಳು ಸಕ್ಕರೆ ಮೊದಲು ಕೊಡಬೇಕು, ಎಲ್ಲ ಅವರ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಅವರು ‘ಅವಿರೋಧ ಆಯ್ಕೆ’. ಆ ‘ಅವಿರೋಧ’ ಎನ್ನುವುದು ಅಪ್ಪಯ್ಯನಿಗೆ ಸರ್ಕಾರ ಕೊಟ್ಟ ಬಿರುದು ಎಂದೇ ನಾನು ಬಹಳ ದಿನ ನಂಬಿದ್ದೆ. ಶಾಲೆಯಲ್ಲಿ ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿರಬೇಕು. ನಾನು ತವರೂರಿನ ಹತ್ತಿರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ದಿನಾ ಕೊಪ್ಪದಿಂದ ಬಸ್ಸು. ಪುಸ್ತಕದಲ್ಲಿ ಸಹಕಾರದ ಪಾಠ ಒಂದಿತ್ತು. ಓದಿದರೆ ಆಕಳಿಕೆ ಬರುವಂಥದ್ದು. ವಿಧಗಳು, ಉದ್ದೇಶಗಳು, ಅನುಕೂಲಗಳು, ಅನಾನುಕೂಲಗಳು. ಈಜು ಕಲಿಸುವವನು ಕೆರೆಯ ಚಿತ್ರ ಬರೆದು ತೋರಿಸಿದ ಹಾಗಾಯಿತು ಇದು ಎನಿಸಿ, ಮಕ್ಕಳಿಂದಲೇ ಒಂದು ಸೊಸೈಟಿ ಮಾಡಿಸಿಬಿಡೋಣ ಎಂದು ಹೊರಟೆ. ಹೆಡ್‌ಮಾಸ್ತರು ಸಂಭಾವಿತರು. ವರಾಂಡದಲ್ಲಿದ್ದ ಹಳೆಯ ಮರದ ಬೀರು ಬಿಟ್ಟುಕೊಟ್ಟರು. ಅದರಲ್ಲಿ ಪೆನ್ನು, ಪಟ್ಟಿ, ರಬ್ಬರು, ಜಾಮಿಟ್ರಿ ಪೆಟ್ಟಿಗೆ. ಅದೇ ನಮ್ಮ ಭಂಡಾರ. ಪ್ರತಿ ಮಗುವೂ ಸದಸ್ಯ, ಪ್ರತಿ ಸದಸ್ಯನಿಗೂ ಒಂದೇ ಮತ. ದೊಡ್ಡವರ ಮಗ, ಸಣ್ಣವರ ಮಗ ಎನ್ನುವುದು ಇಲ್ಲಿ ಇಲ್ಲ ಎಂದು ನಾನು ಮೇಜು ಕುಟ್ಟಿ ಹೇಳಿದೆ. ಮೇಜು ಕುಟ್ಟುವುದು ನನ್ನ ಚಾಳಿ.

ಆಡಳಿತ ಮಂಡಳಿಗೆ ಚುನಾವಣೆ ನಡೆಸುವ ಮೊದಲು ಮಕ್ಕಳಿಗೆ ನಿಜವಾದ ಸಂಘಗಳನ್ನು ತೋರಿಸಬೇಕಲ್ಲ. ದೊಡ್ಡದು, ನಡುವಿನದು, ಸಣ್ಣದು, ಮೂರನ್ನೂ ತೋರಿಸುವುದೆಂದು ಗೊತ್ತುಮಾಡಿದೆ. ಒಂದು ಶನಿವಾರ ವ್ಯಾನು ಮಾಡಿಕೊಂಡು ಶೃಂಗೇರಿಗೆ ಹೋದೆವು. ಅಡಿಕೆ ಸಂಘದ ಅಂಗಳದಲ್ಲಿ ಮೂಟೆಗಳು ಸಾಲಾಗಿ ಕೂತಿದ್ದವು. ಅಡ್ಡಗದ್ದೆಯ ಕಡೆಯ ದೊಡ್ಡ ತೋಟದವರದ್ದು, ಅದರ ಪಕ್ಕಕ್ಕೇ ಮನೆ ಹಿಂದೆ ನಾಲ್ಕು ಮರ ಇರುವವರದ್ದು. ಕೊಳ್ಳುವವರು ಬಂದು ಕೈ ಹಾಕಿ ನೋಡಿ, ಚೀಟಿಯಲ್ಲಿ ಧಾರಣೆ ಬರೆದು ಹಾಕಿ ಹೋಗುತ್ತಿದ್ದರು. ಅಡಿಕೆ ಒಳ್ಳೆಯದಾದರೆ ಸಣ್ಣವನಿಗೂ ಒಳ್ಳೆಯ ಧಾರಣೆ ಎಂದು ನಾನು ವಿವರಿಸಿದೆ. ಮಕ್ಕಳು ತಕ್ಕಡಿ ಹತ್ತಿ ತಮ್ಮ ತೂಕ ನೋಡಿಕೊಂಡರು.

ಇನ್ನೊಂದು ಶನಿವಾರ ನರಸಿಂಹರಾಜಪುರದ ಕಡೆಯ ಒಂದು ಹಳ್ಳಿಗೆ. ಅಲ್ಲಿ ಹೆಂಗಸರದ್ದೇ ಹಾಲಿನ ಸಂಘ, ಒಂದು ಕೋಣೆ. ಹಾಲಿನ ವ್ಯಾನು ಯಾವ ತಿರುವಿನಲ್ಲಿ ನಿಲ್ಲಬೇಕು ಎಂದು ನಾವು ಹೋದ ಹೊತ್ತಿಗೇ ಜಗಳ ಹತ್ತಿತ್ತು. ಅವರ ಬಾಯಿಯೋ, ಸಂತೆಯನ್ನು ಮೀರಿಸುವಂಥದ್ದು! ಕೊನೆಗೆ ಕೈ ಎತ್ತಿಸಿದರು. ಅಧ್ಯಕ್ಷೆಯ ಮಾತು ಬಿದ್ದುಹೋಯಿತು. “ಹೋಗ್ಲಿ, ನನ್ ಮನೆ ಮುಂದೆ ನಿಲ್ದಿದ್ರೆ ಗಂಟೇನೂ ಹೋಗಲ್ಲ” ಎಂದು ಆಕೆ ಸೆರಗು ಸಿಕ್ಕಿಸಿ ಕ್ಯಾನು ತೊಳೆಯಲು ಕೂತಳು. ನನಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

ಕೊನೆಯದು ಅಪ್ಪಯ್ಯನ ಸೊಸೈಟಿ. ಶಾಲೆಯಿಂದ ನಡೆದೇ ಹೋದೆವು. ಉಗ್ರಾಣ, ಗೊಬ್ಬರ, ಪಡಿತರದ ಅಕ್ಕಿ ಎಲ್ಲ ನೋಡಿದ ಮೇಲೆ, ಮಕ್ಕಳು ಬಿಸಿಲಲ್ಲಿ ಬಂದಿದ್ದಾರೆ ಎಂದು ಅಪ್ಪಯ್ಯ ಎಲ್ಲರನ್ನೂ ಮನೆಗೆ ಕರೆತಂದರು. ಜಗಲಿಯ ತುಂಬ ಮಕ್ಕಳು. ನಾನು ಒಳಗೆ ಅಮ್ಮನ ಜೊತೆ ಅವಲಕ್ಕಿ ಕಲಸುತ್ತಿದ್ದೆ. ಆ ವಾರ ಸೊಸೈಟಿಯ ಚುನಾವಣೆಗೆ ನಾಮಪತ್ರ ಹಿಂದಕ್ಕೆ ಪಡೆಯುವ ಕೊನೆಯ ದಿನ ಹತ್ತಿರ ಬಂದಿತ್ತು ಎಂಬುದು ನನಗೆ ಗೊತ್ತಿತ್ತಾದರೂ ತಲೆಯಲ್ಲಿರಲಿಲ್ಲ. ತಟ್ಟೆ ಹಿಡಿದು ಹೊರಗೆ ಬಂದಾಗ ಮೆಟ್ಟಿಲ ಕೆಳಗೆ, ಅಂಗಳದಲ್ಲಿ, ಒಬ್ಬಾತ ನಿಂತಿದ್ದ. ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ. ಸ್ವಲ್ಪ ಗದ್ದೆ ಇಟ್ಟುಕೊಂಡು ಉಳಿದ ದಿನ ಕೂಲಿಗೆ ಹೋಗುವವನು. ಅಪ್ಪಯ್ಯ ಹರಿವಾಣದಲ್ಲಿ ಎಲೆಅಡಿಕೆ ಇಟ್ಟು ಕೊಡುತ್ತಿದ್ದರು, ಅವನು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದ. ಬಂದವರಿಗೆ ಎಲೆಅಡಿಕೆ ಕೊಡುವುದು ನಮ್ಮ ಕಡೆ ಇದ್ದದ್ದೇ. ನಾನು ಅವಲಕ್ಕಿ ಹಂಚಿದೆ. ಆ ಹುಡುಗಿ ಮಾತ್ರ ಎಲ್ಲರ ಹಿಂದೆ ಕಂಬದ ಮರೆಗೆ ಸರಿದು ಕೂತಿದ್ದಳು, ಬೇಡ ಎಂದಳು. ನಾಚಿಕೆಯ ಹುಡುಗಿ ಎಂದುಕೊಂಡೆ.

ಅವಳು ನಾಚಿಕೆಯ ಹುಡುಗಿಯೇನೂ ಆಗಿರಲಿಲ್ಲ. ಶಾಲೆಯ ಭಂಡಾರದ ಬಗ್ಗೆ ಎಲ್ಲರಿಗಿಂತ ಹೆಚ್ಚು ತಲೆ ಓಡಿಸಿದವಳು ಅವಳೇ. ಸಂಜೆ ಕೊನೆಯ ಬೆಲ್ಲಾದ ಮೇಲೆ ಬೀರು ತೆಗೆಯುವುದೆಂದು ನಾವು ಮೊದಲು ಗೊತ್ತುಮಾಡಿದ್ದೆವು. “ಸಂಜೆ ತೆಗದ್ರೆ ಬಸ್ಸಿನ ಮಕ್ಕಳು ಓಡಿ ಹೋಗಿರ್ತಾರೆ ಟೀಚರ್, ಹೊಳೆ ದಾಟಿ ನಡ್ಕಂಡ್ ಹೋಗೋರಿಗೆ ಕತ್ಲಾಗ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ತೆಗೀಬೇಕು” ಎಂದು ಅವಳೇ ಹೇಳಿದ್ದಳು. ಅದನ್ನು ಮಾಡಿಸಲಿಕ್ಕೇ ಮಂಡಳಿಗೆ ನಿಲ್ಲುತ್ತೇನೆ ಎಂದು ಹೆಸರೂ ಕೊಟ್ಟಿದ್ದಳು. ಸ್ಥಾನಗಳಿಗಿಂತ ಒಂದೇ ಒಂದು ಹೆಸರು ಹೆಚ್ಚಾಗಿತ್ತು. ಹಾಗಾದರೆ ಮತದಾನ ಆಗಲೇಬೇಕು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ಚೀಟಿ ಕತ್ತರಿಸಿ ಇಟ್ಟುಕೊಂಡೆ, ರಟ್ಟಿನ ಡಬ್ಬಿಗೆ ತೂತು ಮಾಡಿದೆ.

ಮತದಾನದ ಹಿಂದಿನ ದಿನ ಹೆಡ್‌ಮಾಸ್ತರು ಸ್ಟಾಫ್ ರೂಮಿಗೆ ಒಂದು ಟಿಫಿನ್ ಬಾಕ್ಸಿನ ಮುಚ್ಚಳ ಹಿಡಿದುಕೊಂಡು ಬಂದರು. ಅದರಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ. ಒಂಬತ್ತನೇ ಕ್ಲಾಸಿನ ಬೆಂಚಿನ ಮೇಲಿತ್ತಂತೆ.

“ಹೈಸ್ಕೂಲು ಮಕ್ಕಳು ಕವಳ ಹಾಕಕ್ಕೆ ಸುರು ಮಾಡಿದಾವೆ, ನೋಡಿ” ಎಂದು ಮುಚ್ಚಳವನ್ನು ನನ್ನ ಮುಂದೆ ಕುಕ್ಕಿದರು.

ವಿಚಾರಣೆ ನಡೆಯಿತು. ಯಾರೂ ಎಲೆಅಡಿಕೆ ಜಗಿದಿರಲಿಲ್ಲ. ಮುಚ್ಚಳದ ವಾರಸುದಾರ ಹತ್ತನೇ ಕ್ಲಾಸಿನ ಹುಡುಗ, ಜಯಪುರದ ಕಡೆಯ ತೋಟದವರ ಮಗ. ಭಂಡಾರದ ಅಧ್ಯಕ್ಷನಾಗಬೇಕೆಂದು ಇದ್ದವನು. ಮೀಸೆ ಇನ್ನೂ ಸರಿಯಾಗಿ ಚಿಗುರಿರಲಿಲ್ಲ, ಮಾತು ಮಾತ್ರ ಅರವತ್ತರದ್ದು. ಕೈ ಕಟ್ಟಿಕೊಂಡು ಹೇಳಿದ, “ನಾವು ರಾಜಿ ಮಾಡ್ಸಿದ್ದು ಸಾರ್. ಒಂದು ಹೆಸರು ಜಾಸ್ತಿ ಆಗಿತ್ತಲ. ಚುನಾವಣೆ ಅಂದ್ರೆ ಜಗಳ, ಶಾಲೆ ಎರಡಾಗ್ತದೆ. ಅದಕ್ಕೇ ವೀಳ್ಯ ಕೊಟ್ಟು ಒಬ್ರನ್ನ ವಾಪಸ್ ತೆಗಸಿದ್ವಿ. ಈಗ ಎಲ್ಲ ಅವಿರೋಧ.”

ಗಣಿತದ ಮೇಷ್ಟ್ರು ಗೊಳ್ಳೆಂದು ನಕ್ಕರು. ನನಗೂ ನಗು ಬಂತು. ನಗುತ್ತಲೇ ಕೇಳಿದೆ, “ಇದನ್ನೆಲ್ಲ ನಿಂಗೆ ಯಾರಾ ಕಲಿಸಿದ್ದು, ಪುಂಡ?”

“ನಿಮ್ಮನೇಲೇ ಟೀಚರ್. ಅವತ್ತು ಜಗಲೀಲಿ ಗೌಡ್ರು ಮಾಡಿದ್ರಲ” ಎಂದ.

ಗಣಿತದ ಮೇಷ್ಟ್ರು ಮುಖ ಕಿಟಕಿಯ ಕಡೆ ತಿರುಗಿಸಿದರು. ನಾಚಿಕೆ ಎನ್ನುವುದು ಕಿವಿಯಿಂದ ಶುರುವಾಗುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು. ಎರಡೂ ಕಿವಿ ಬಿಸಿಯಾಗಿ ಉರಿಯತೊಡಗಿದವು. ಹುಡುಗನ ಮುಖದಲ್ಲಿ ಕಳ್ಳತನದ ಗುರುತೇ ಇರಲಿಲ್ಲ. ಪಾಠ ಸರಿಯಾಗಿ ಒಪ್ಪಿಸಿದವನ ಮುಖ ಅದು. ದೊಡ್ಡ ಸಂಘದಲ್ಲಿ ತಕ್ಕಡಿ ನೋಡಿದರು, ಸಣ್ಣ ಸಂಘದಲ್ಲಿ ಜಗಳ ನೋಡಿದರು, ನನ್ನ ತವರಿನ ಜಗಲಿಯಲ್ಲಿ ಮರ್ಯಾದೆಯಿಂದ ಬಾಯಿ ಮುಚ್ಚಿಸುವುದನ್ನು ನೋಡಿದರು. ಮೂರರಲ್ಲಿ ಮನಸ್ಸಿಗೆ ಹತ್ತಿದ್ದು ಅದೇ.

ವೀಳ್ಯ ಯಾರಿಗೆ ಕೊಟ್ಟದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆ. ಆ ಹುಡುಗಿಗೇ.

ಅವಳನ್ನು ವರಾಂಡದ ಬೀರಿನ ಹತ್ತಿರ ಕರೆದು, ಯಾಕೆ ತೆಗೆದುಕೊಂಡೆ, ಬೇಡ ಎನ್ನಬಹುದಿತ್ತಲ್ಲ ಎಂದೆ. ನನ್ನ ದನಿ ಸ್ವಲ್ಪ ಗದರಿಸುವ ಹಾಗೆಯೇ ಇತ್ತು.

“ನಮ್ಮಪ್ಪ ತಗಂಡ್ರಲ ಟೀಚರ್” ಎಂದಳು. “ಗೌಡ್ರ ಮನೇಲಿ ನಮ್ಮಪ್ಪನೇ ತಗಂಡ್ ಮೇಲೆ, ನಾನೆಂತ ದೊಡ್ಡವಳು?”

ಆಮೇಲೆ ಒಂದೊಂದಾಗಿ ಬಂತು. ಅವಳ ಅಪ್ಪ ಸೊಸೈಟಿಯ ಚುನಾವಣೆಗೆ ನಾಮಪತ್ರ ಹಾಕಿದ್ದನಂತೆ. ಭಾನುವಾರ ಸೊಸೈಟಿ ಬಾಗಿಲು ಹಾಕಿರುತ್ತದೆ. ಕೂಲಿಗೆ ಹೋಗುವವರು ಪಡಿತರ ತರಬೇಕೆಂದರೆ ಒಂದು ಹೊತ್ತಿನ ಕೆಲಸ ಬಿಡಬೇಕು. ಭಾನುವಾರ ಅರ್ಧ ದಿನ ತೆಗೆಯಿರಿ ಎಂದು ಕೇಳಿ ಕೇಳಿ ಸಾಕಾಗಿ, ಒಳಗೆ ಹೋದರೆ ಆಗಬಹುದೇನೋ ಎಂದು ನಿಂತಿದ್ದ. ಅಪ್ಪಯ್ಯ ಅವನನ್ನು ಕರೆಸಿ, ಊರು ಎರಡಾಗುವುದು ಬೇಡ ಎಂದು ಒಳ್ಳೆಯ ಮಾತಿನಲ್ಲೇ ಹೇಳಿ, ಹರಿವಾಣ ಮುಂದಿಟ್ಟರು. ನಮ್ಮ ಕಡೆ ಮಾತು ಆಡಿ ಹರಿವಾಣ ಮುಂದಿಟ್ಟರೆ, ಎಲೆ ಮುಟ್ಟಿದವನು ಒಪ್ಪಿದ ಹಾಗೆ. ಮುಟ್ಟದಿದ್ದರೆ ಮನೆಯ ಯಜಮಾನನಿಗೆ ಅವಮಾನ. ಮಗಳ ಕ್ಲಾಸಿನ ಮಕ್ಕಳೆಲ್ಲ ಸಾಲಾಗಿ ಕೂತು ನೋಡುತ್ತಿರುವಾಗ ಅವನು ಬೇರೆ ಏನು ಮಾಡಿಯಾನು? ನಾನು ಆ ಹೊತ್ತಿಗೆ ಅವಲಕ್ಕಿಗೆ ಬೆಲ್ಲ ಸಾಕೋ ಇಲ್ಲವೋ ಎಂದು ನೋಡುತ್ತಿದ್ದೆ.

ಹುಡುಗನಿಗೆ ವೀಳ್ಯ ವಾಪಸ್ ತೆಗೆದುಕೊ ಎಂದೆ. ಅವನು ತಯಾರಿದ್ದ. ಅವಳು ಒಪ್ಪಲಿಲ್ಲ. “ತಗಂಡಿದ್ದನ್ನ ವಾಪಸ್ ಕೊಟ್ರೆ ಒಳ್ಳೇದಲ್ಲ ಟೀಚರ್. ಮಾತು ಮಾತೇ” ಎಂದಳು. ಅವಳು ನಿಲ್ಲದಿದ್ದರೆ ಉಳಿದವರೆಲ್ಲ ಅವಿರೋಧ, ನನ್ನ ರಟ್ಟಿನ ಡಬ್ಬಿ ಕಸದ ಬುಟ್ಟಿಗೆ. ಡಬ್ಬಿ ಹಾಳಾಗಿ ಹೋಗಲಿ. ಆ ಹುಡುಗಿ ಒಮ್ಮೆ ಬಾಯಿ ಮುಚ್ಚಿದರೆ ಜನ್ಮಕ್ಕೆ ತೆರೆಯುವುದಿಲ್ಲ ಎಂಬ ಹೆದರಿಕೆ ನನ್ನನ್ನು ಹಿಡಿಯಿತು. ಚುನಾವಣೆಯನ್ನು ಮುಂದಕ್ಕೆ ಹಾಕಿ, ಸಂಜೆ ಕೊಪ್ಪದ ಬಸ್ಸು ಬಿಟ್ಟು ತವರಿಗೆ ನಡೆದೆ.

ಅಪ್ಪಯ್ಯ ಅಂಗಳದಲ್ಲಿ ಕೊಡೆಯ ಕಡ್ಡಿ ಸರಿಮಾಡುತ್ತಿದ್ದರು. ನಾನು ಚಪ್ಪಲಿ ಬಿಡುವುದರೊಳಗೆ ಎಲ್ಲ ಕಾರಿಬಿಟ್ಟೆ. ನನಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಅವರು ಕೊಡೆ ಕೆಳಗಿಟ್ಟರು.

“ನಾನೆಂತ ಕಳ್ಳತನ ಮಾಡಿದ್ನಾ? ಅವಂಗೆ ಹೊಡದ್ನಾ, ಬೈದ್ನಾ? ಮನೆಗೆ ಕರೆಸಿ ಮರ್ಯಾದೆಯಿಂದ ಎಲೆಅಡಿಕೆ ಕೊಟ್ಟೀನಿ. ಆಚೆ ಊರಲ್ಲಿ ಚುನಾವಣೆ ಮಾಡಿ ಎಂತ ಆಯ್ತು ನೋಡಿದ್ಯಲ. ಒಂದು ಕಡೆಯೋರ ಮದ್ವೆಗೆ ಇನ್ನೊಂದು ಕಡೆಯೋರು ಹೋಗದಿಲ್ಲ. ಊರು ಒಡೆಯದು ಸುಲಭ ಮಗ. ಕಟ್ಟೋದು ಯಾರು, ನಿನ್ನ ಪುಸ್ತಕನಾ?”

“ಅವನು ಕೇಳಿದ್ದು ಭಾನುವಾರ ಬಾಗಿಲು ತೆಗೀರಿ ಅಂತ ಅಷ್ಟೇ ಅಲ್ದಾ ಅಪ್ಪಯ್ಯ?”

“ಅದನ್ನ ನನ್ನ ಹತ್ರ ಬಂದು ಹೇಳದಪ್ಪ. ನಾಮಪತ್ರ ಹಾಕದು ಎಂತಕ್ಕೆ? ನಾನೇನ್ ಸತ್ತು ಹೋಗಿದ್ನಾ?”

ಅಮ್ಮ ಒಳಗಿನಿಂದಲೇ, “ನಾ ಕಲ್ಸಿ ಕೊಟ್ಟ ಅವಲಕ್ಕಿ ಯಾವ ಮಕ್ಕಳಿಗೂ ನೆನಪಿಲ್ಲ, ಇವರು ಕೊಟ್ಟ ಎಲೆ ನೆನಪಿದೆ” ಎಂದರು.

ಅಪ್ಪಯ್ಯನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಅವರು ಊರಿಗಾಗಿ ತಮ್ಮ ಊಟ ನಿದ್ದೆ ಬಿಟ್ಟವರು. ಆದರೆ ಊರು ಎಂದರೆ ತಾವು, ಊರಿನ ಮರ್ಯಾದೆ ಎಂದರೆ ತಮ್ಮ ಜಗಲಿ ಎಂದು ಎಷ್ಟು ವರ್ಷದಿಂದಲೋ ನಂಬಿಬಿಟ್ಟಿದ್ದರು. ಆ ಜಗಲಿಯ ಅನ್ನ ತಿಂದೇ ನಾನು ಓದಿದ್ದು, ಆ ‘ಅವಿರೋಧ’ವನ್ನೇ ಬಾಯಿ ತುಂಬ ಹೇಳಿಕೊಂಡು ಬೆಳೆದದ್ದು. ಅಪ್ಪಯ್ಯನ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಗುತ್ತಿತ್ತು. ಎರಡನ್ನೂ ನುಂಗಿಕೊಂಡು, ಸಹಕಾರ ಸಪ್ತಾಹಕ್ಕೆ ನಮ್ಮ ಶಾಲೆಗೆ ಬಂದು ನಾಲ್ಕು ಮಾತಾಡಬೇಕು ಎಂದು ಹೆಡ್‌ಮಾಸ್ತರು ಮೊದಲೇ ಕರೆದದ್ದನ್ನು ನೆನಪಿಸಿದೆ. ಅವತ್ತೇ ಮಕ್ಕಳ ಮತದಾನ ಇಡುತ್ತೇನೆ, ನೀವು ನೋಡಬೇಕು ಎಂದೆ. ಮಕ್ಕಳು ಚೀಟಿ ಹಾಕಿ, ಸೋತವರೂ ಗೆದ್ದವರೂ ಒಂದೇ ಬೆಂಚಿನಲ್ಲಿ ಕೂರುವುದನ್ನು ಕಂಡರೆ ಅಪ್ಪಯ್ಯನಿಗೆ ಅರ್ಥವಾದೀತು ಎಂಬ ಆಸೆ ನನಗೆ. “ಬತ್ತೀನಿ, ಬತ್ತೀನಿ” ಎಂದು ಅವರು ಮತ್ತೆ ಕೊಡೆ ಎತ್ತಿಕೊಂಡರು.

ಆ ದಿನ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದರು. ಹೆಡ್‌ಮಾಸ್ತರು ಶಾಲು ಹೊದೆಸಿದರು. ಅಪ್ಪಯ್ಯ ಚೆನ್ನಾಗಿ ಮಾತಾಡಿದರು. ಒಬ್ಬನಿಗೆ ಏಳದ ದಿಮ್ಮಿ ಹತ್ತು ಜನಕ್ಕೆ ಹೂವು ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಎದ್ದು ಅಭ್ಯರ್ಥಿಗಳ ಹೆಸರು ಕರೆದೆ. ಒಬ್ಬೊಬ್ಬರಾಗಿ ಮುಂದೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಕೊನೆಗೆ ಆ ಹುಡುಗಿಯ ಹೆಸರು ಕರೆದೆ. ಬರುತ್ತಾಳೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಎದ್ದಳು. ಆದರೆ ಗೋಡೆಯ ಕಡೆ ಬರಲಿಲ್ಲ. ನೆಟ್ಟಗೆ ಅಪ್ಪಯ್ಯನ ಕುರ್ಚಿಯ ಮುಂದೆ ಹೋಗಿ, ಎರಡೂ ಕೈ ಮುಗಿದು ಕೇಳಿದಳು:

“ಗೌಡ್ರೇ, ನಾನು ನಿಲ್ಲಬಹುದಾ?”

ಅಪ್ಪಯ್ಯನ ಮುಖ ಅರಳಿದ್ದನ್ನು ನಾನು ಮರೆಯುವ ಹಾಗಿಲ್ಲ. ಅವರಿಗೆ ಕಣ್ಣಲ್ಲಿ ನೀರೇ ಬಂತು. “ಅಯ್ಯೋ ಮಗಳೇ, ನಿಲ್ಲು! ಬ್ಯಾಡ ಅಂದೋರು ಯಾರು? ನಿನ್ನಂಥೋರೇ ಮುಂದೆ ಬರಬೇಕು” ಎಂದು ತಮ್ಮ ಹೆಗಲ ಶಾಲು ತೆಗೆದು ಅವಳಿಗೆ ಹೊದೆಸಿದರು. ಇಡೀ ಕೋಣೆ ಚಪ್ಪಾಳೆ. ಹೆಡ್‌ಮಾಸ್ತರು ನಿಂತು ಚಪ್ಪಾಳೆ ತಟ್ಟಿದರು. ಜಯಪುರದ ಹುಡುಗ ಎಲ್ಲರಿಗಿಂತ ಜೋರಾಗಿ ತಟ್ಟಿದ. ನಾನು ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದೆ. ಚಪ್ಪಾಳೆ ತಟ್ಟಲು ಕೈ ಖಾಲಿ ಇರಲಿಲ್ಲ ಎನ್ನುವುದೊಂದೇ ಪುಣ್ಯ.

ಮತದಾನವಾಯಿತು. ಎಲ್ಲರಿಗಿಂತ ಹೆಚ್ಚು ಚೀಟಿ ಅವಳಿಗೇ ಬಿದ್ದವು. ಗೇಟಿನವರೆಗೆ ಕಳಿಸಲು ಹೋದಾಗ ಅಪ್ಪಯ್ಯ ನನ್ನ ಬೆನ್ನು ತಟ್ಟಿ, “ನೋಡಿದ್ಯಾ? ಕೇಳಿದ್ರೆ ನಾ ಯಾವತ್ತಾದ್ರೂ ಇಲ್ಲ ಅಂದೀನಾ?” ಎಂದರು. ಅಷ್ಟು ಸಂತೋಷದಲ್ಲಿ ಅವರನ್ನು ಕಂಡು ಬಹಳ ದಿನವಾಗಿತ್ತು. ನನಗೆ ಅವರ ಮುಖ ನೋಡಲಾಗಲಿಲ್ಲ. ಬಸ್ಸು ಬಂತು ಎಂದು ಸುಳ್ಳು ಹೇಳಿ ತಿರುಗಿದೆ.

ಸೋಮವಾರದಿಂದ ಭಂಡಾರ ಬೆಳಿಗ್ಗೆ ತೆರೆಯಿತು. ಪ್ರಾರ್ಥನೆಗೆ ಮುಂಚೆ ಬೀರಿನ ಮುಂದೆ ಸಾಲು, ಬೀಗದ ಕೈ ಆ ಹುಡುಗಿಯ ಕೊರಳಲ್ಲಿ. ಸಾಲು ಕರಗಿದ ಮೇಲೆ ನಾನೂ ಒಂದು ಕೆಂಪು ಪೆನ್ನು ಕೇಳಿದೆ. ಕೊಟ್ಟಳು. ಮನೆಯಲ್ಲಿ ಏನೆಂದರು, ಅಪ್ಪ ಖುಷಿಪಟ್ಟರಾ ಎಂದು ಕೇಳಿದೆ.

“ಖುಷಿಯಾಯ್ತು ಟೀಚರ್. ಶಾಲನ್ನ ಮುಟ್ಟಿ ಮುಟ್ಟಿ ನೋಡಿದ್ರು” ಎಂದಳು. ಪೆನ್ನುಗಳನ್ನು ಸಾಲಾಗಿ ಜೋಡಿಸುತ್ತ, ನನ್ನ ಕಡೆ ನೋಡದೆ, ಏನೋ ಲೆಕ್ಕ ಹಾಕಿದವಳ ಹಾಗೆ ಹೇಳಿದಳು, “ನಮ್ಮಪ್ಪನೂ ಮೊದಲೇ ಗೌಡ್ರನ್ನ ಕೇಳಿ ನಿಂತಿದ್ರೆ ಆಗ್ತಿತ್ತೇನೋ. ಪಾಪ, ಅವರಿಗೆ ಕೇಳಬೇಕು ಅಂತ ಗೊತ್ತಾಗ್ಲಿಲ್ಲ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಸಹಕಾರದ ಬಗ್ಗೆ ನನ್ನಿಂದ ಅವಳು ಕಲಿತದ್ದು ಕೊನೆಗೆ ಇಷ್ಟು. ಪ್ರಾರ್ಥನೆಯ ಬೆಲ್ಲಾಯಿತು. ಮೊದಲ ಪಿರಿಯಡ್ ಅವಳ ಕ್ಲಾಸಿಗೇ ಇತ್ತು, ಸಹಕಾರದ ಪಾಠದ ಉಳಿದ ಭಾಗ ಮುಗಿಸಬೇಕಿತ್ತು. ನಾನು ಮುಗಿಸಲಿಲ್ಲ. ಮಕ್ಕಳಿಗೆ ಭೂಪಟ ಬರೆಯಲು ಹೇಳಿ, ಗಂಟೆ ಹೊಡೆಯುವವರೆಗೂ ಬೋರ್ಡಿನ ಕಡೆ ಮುಖ ಮಾಡಿ, ಅಳಿಸಿದ್ದನ್ನೇ ಅಳಿಸುತ್ತ ನಿಂತೆ.